ತಲಕಟ್ಟು ತಪ್ಪಿಸುವ ಪೆನ್ನು: ಬರವಣಿಗೆಗೂ ಚಿತ್ರಕ್ಕೂ ಒಗ್ಗುವ ಪೆನ್ನನ್ನು ಕಂಡುಕೊಳ್ಳಲು ಒಂದು ದೋಷ ನಿವಾರಣೆ ಕೈಪಿಡಿ

ಮೆಚ್ಚಿನ ಪೆನ್ನನ್ನು ಹುಡುಕುವವರು ಸಾಮಾನ್ಯವಾಗಿ ಒಂದರ ಬಳಿಕ ಇನ್ನೊಂದು ಪೆನ್ನನ್ನು ಕೊಳ್ಳುತ್ತ ಹೋಗುತ್ತಾರೆ. ನಾನೂ ಕೆಲವು ವರ್ಷ ಹಾಗೆಯೇ ಮಾಡಿದೆ. ಮೇಜಿನ ಡ್ರಾಯರಿನಲ್ಲಿ ಹನ್ನೊಂದು ಪೆನ್ನುಗಳು ಸೇರಿದ ಮೇಲೆ, ಒಂದು ಭಾನುವಾರ ಅವೆಲ್ಲವನ್ನೂ ತೊಳೆದು, ಒಂದೇ ಶಾಯಿ ತುಂಬಿ, ಮೂರು ಬಗೆಯ ಕಾಗದದ ಮೇಲೆ ಒಂದೇ ಸಾಲನ್ನು ಬರೆದು ನೋಡಿದೆ. ಕೆಟ್ಟವೆಂದು ಬದಿಗಿಟ್ಟಿದ್ದ ಪೆನ್ನುಗಳಲ್ಲಿ ನಿಜವಾಗಿ ದೋಷವಿದ್ದದ್ದು ಎರಡರಲ್ಲಿ ಮಾತ್ರ. ಉಳಿದವುಗಳ ಮೇಲೆ ನಾನು ಹೊರಿಸಿದ್ದ ದೂರುಗಳೆಲ್ಲ ನನ್ನ ನೋಟ್‌ಬುಕ್ಕಿನ ಕಾಗದಕ್ಕೆ, ಒಳಗೆ ಒಣಗಿದ್ದ ಹಳೆಯ ಶಾಯಿಗೆ, ಬೆವರುವ ನನ್ನ ಅಂಗೈಗೆ ಸಲ್ಲಬೇಕಾದವು. ‘ಈ ಪೆನ್ನು ನನಗೆ ಹಿಡಿಸಲಿಲ್ಲ’ ಎಂಬುದು ಜ್ವರವಿದ್ದ ಹಾಗೆ. ಅದಕ್ಕೆ ಕಾರಣವನ್ನು ಬೇರೆಯಾಗಿಯೇ ಹುಡುಕಬೇಕಾಗುತ್ತದೆ. ಆ ಹುಡುಕಾಟದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಮಾತು ಫೌಂಟನ್ ಪೆನ್ನಿನ ಬಗ್ಗೆ ಇದೆ, ಏಕೆಂದರೆ ಕೆಡುವ ದಾರಿಗಳೂ ಸರಿಪಡಿಸುವ ದಾರಿಗಳೂ ಅದಕ್ಕೇ ಹೆಚ್ಚು.

ಪರೀಕ್ಷೆಗೆ ಬೇಕಾಗುವ ಸಾಮಾನು

ದಿನವೂ ಬರೆಯುವ ನೋಟ್‌ಬುಕ್ಕಿನ ಒಂದು ಹಾಳೆ, 75 ಜಿಎಸ್‌ಎಂನ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಜೆರಾಕ್ಸ್ ಹಾಳೆ ಮತ್ತು ಚಿತ್ರ ಬರೆಯುವ ದಪ್ಪ ಹಾಳೆ ಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಬಟ್ಟಲು ನೀರು, ಪಾತ್ರೆ ತೊಳೆಯುವ ದ್ರವ ಸಾಬೂನಿನ ಒಂದು ಹನಿ, ಹತ್ತಿಯ ಹಳೆಯ ಬಟ್ಟೆ ಇವಿಷ್ಟನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಎಂದೂ ತೊಂದರೆ ಕೊಡದ ಒಂದು ಪೆನ್ನು ಮತ್ತು ಎಲ್ಲ ಪೆನ್ನಿನಲ್ಲೂ ಸಲೀಸಾಗಿ ಹರಿಯುವ ಒಂದು ಸಾಧಾರಣ ನೀಲಿ ಶಾಯಿ ಇರಬೇಕು. ಅನುಮಾನವಿರುವ ಪೆನ್ನನ್ನು ಹೋಲಿಸಿ ನೋಡಲು ಇವೇ ಅಳತೆಗೋಲು.

ಬರೆದು ನೋಡುವ ಸಾಲು ಕನ್ನಡದ್ದೇ ಆಗಿರಲಿ. ಅಂಗಡಿಯ ಕಾಗದದ ಚೂರಿನ ಮೇಲೆ ಇಂಗ್ಲಿಷಿನಲ್ಲಿ ಸಹಿ ಹಾಕಿ ಪೆನ್ನು ಕೊಂಡವರು ಮನೆಗೆ ಬಂದು ಕನ್ನಡ ಬರೆಯುವಾಗ ನಿರಾಶರಾಗುವುದಕ್ಕೆ ಸ್ಪಷ್ಟ ಕಾರಣವಿದೆ. ನಮ್ಮ ಅಕ್ಷರಗಳು ದುಂಡಗಿವೆ. ಗೆರೆ ಎಲ್ಲ ದಿಕ್ಕಿಗೂ ತಿರುಗುತ್ತದೆ. ತಲಕಟ್ಟಿಗೆ, ಗುಣಿಸಿಗೆ, ಒತ್ತಕ್ಷರಕ್ಕೆ ಅನೇಕರು ಕೈಯೆತ್ತಿ ಮತ್ತೆ ಇಡುತ್ತಾರೆ. ಹಾಗಾಗಿ ಒಂದು ಪುಟದಲ್ಲಿ ಪೆನ್ನು ನೂರಾರು ಸಲ ಹೊಸದಾಗಿ ಗೆರೆ ಆರಂಭಿಸಬೇಕಾಗುತ್ತದೆ. ‘ಧೃತರಾಷ್ಟ್ರ, ಸ್ವಾತಂತ್ರ್ಯ, ಜ್ಯೋತ್ಸ್ನೆ, ಲಕ್ಷ್ಮಿ’ ಎಂದು ಬರೆದು, ಅದರ ಕೆಳಗೆ ‘ಠ ಥ ಧ ಭ ಫ ಷ’ ಎಂದು ಬರೆದು, ಕೊನೆಗೆ 8ರ ಆಕಾರವನ್ನು ಕೈಯೆತ್ತದೆ ಹತ್ತು ಸಲ ಸುತ್ತಿದರೆ ಆ ಪೆನ್ನಿನ ಗುಣ ಬಹುಮಟ್ಟಿಗೆ ತಿಳಿಯುತ್ತದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೊದಲು ಕಾಗದ, ಆಮೇಲೆ ಶಾಯಿ, ಆಮೇಲೆ ತೊಳೆಯುವುದು, ಕಟ್ಟಕಡೆಗೆ ನಿಬ್ಬು ಎಂಬ ಕ್ರಮವನ್ನು ನಾನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಕಾಗದವನ್ನು ಬದಲಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ. ನಿಬ್ಬಿಗೆ ಕೈಹಾಕಿ ತಪ್ಪಿದರೆ ಹಿಂದಿನ ಸ್ಥಿತಿಗೆ ತರಲಾಗುವುದಿಲ್ಲ. ಶಾಯಿ ಮತ್ತು ಕಾಗದ ಎರಡನ್ನೂ ಒಟ್ಟಿಗೆ ಬದಲಿಸಿ ದೋಷ ನಿವಾರಣೆಯಾದರೆ, ಯಾವುದರಿಂದ ಆಯಿತೆಂದು ಗೊತ್ತಾಗದೆ ಮುಂದಿನ ತಿಂಗಳು ಅದೇ ತೊಂದರೆಯ ಮುಂದೆ ಮತ್ತೆ ಕುಳಿತಿರುತ್ತೇವೆ.

ಗೆರೆ ಆರಂಭದಲ್ಲಿಯೇ ತಪ್ಪುವುದು

ಕನ್ನಡ ಬರೆಯುವವರನ್ನು ಹೆಚ್ಚು ಕಾಡುವ ದೋಷ ಇದು. ಅಕ್ಷರದ ಒಡಲು ಚೆನ್ನಾಗಿ ಮೂಡಿರುತ್ತದೆ, ತಲಕಟ್ಟು ಇರುವುದಿಲ್ಲ. ಒತ್ತಕ್ಷರದ ಅರ್ಧ ಮಾತ್ರ ಕಾಣುತ್ತದೆ. ಇದಕ್ಕೆ ಮೂರು ಕಾರಣಗಳಿರಬಹುದು, ಮತ್ತು ಮೂರನ್ನೂ ಬೇರ್ಪಡಿಸಿ ನೋಡಲು ಸಾಧ್ಯವಿದೆ.

ಪೆನ್ನು ರಾತ್ರಿಯೆಲ್ಲ ಬಿದ್ದಿದ್ದು ಬೆಳಿಗ್ಗೆ ಮೊದಲ ಪದದಲ್ಲಿ ಮಾತ್ರ ತಪ್ಪಿ, ಆಮೇಲೆ ಇಡೀ ಪುಟ ಸರಿಯಾಗಿ ಬರೆದರೆ ನಿಬ್ಬಿನಲ್ಲಿ ದೋಷವಿಲ್ಲ, ಮುಚ್ಚಳದಲ್ಲಿ ಗಾಳಿಯಾಡುತ್ತಿದೆ ಎಂದರ್ಥ. ಒಂದು ಗಂಟೆ, ಒಂದು ರಾತ್ರಿ, ಮೂರು ದಿನ ಹೀಗೆ ಮೂರು ಅವಧಿಗೆ ಪೆನ್ನನ್ನು ಮುಚ್ಚಿಟ್ಟು ಬರೆದು ನೋಡಿದರೆ ಇದು ಖಚಿತವಾಗುತ್ತದೆ. ಅನೇಕ ಪೆನ್ನುಗಳ ಮುಚ್ಚಳದ ತುದಿಯಲ್ಲಿ ಬೇಕೆಂದೇ ರಂಧ್ರವನ್ನು ಬಿಟ್ಟಿರುತ್ತಾರೆ. ಮಗು ಮುಚ್ಚಳವನ್ನು ನುಂಗಿದರೂ ಉಸಿರಾಟ ಪೂರ್ತಿ ನಿಲ್ಲದಿರಲಿ ಎಂಬುದು ಅದರ ಉದ್ದೇಶ. ಅಂಥ ಪೆನ್ನಿನಲ್ಲಿ ಒಳಗೆ ಇನ್ನೊಂದು ಚಿಕ್ಕ ಮುಚ್ಚಳವಿದ್ದು ಅದು ನಿಬ್ಬನ್ನು ಕಾಯಬೇಕು. ಈ ಒಳಮುಚ್ಚಳ ಬಿರುಕು ಬಿಟ್ಟಿದ್ದರೆ ಶಾಯಿ ಒಣಗುತ್ತದೆ. ಜಪಾನಿನ ಪ್ಲಾಟಿನಂ ಕಂಪನಿಯ ಪ್ರೆಪ್ಪಿಯಂಥ ಅಗ್ಗದ ಪೆನ್ನಿನಲ್ಲಿಯೂ ಈ ಒಳಮುಚ್ಚಳಕ್ಕೆ ಸ್ಪ್ರಿಂಗ್ ಕೊಟ್ಟು ಬಿಗಿಯಾಗಿ ಕೂರುವಂತೆ ಮಾಡಿದ್ದಾರೆ. ವಾರಕ್ಕೊಮ್ಮೆ ಮಾತ್ರ ಚಿತ್ರ ಬರೆಯುವವರು ನಿಬ್ಬಿನ ಅಂದಕ್ಕಿಂತ ಮೊದಲು ಈ ಗುಣವನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹೊಸ ಪೆನ್ನು ಮೊದಲ ದಿನದಿಂದಲೇ ತಪ್ಪುತ್ತಿದ್ದರೆ ತಯಾರಿಕೆಯ ಎಣ್ಣೆಯ ಪಸೆ ಒಳಗೆ ಉಳಿದಿರಬಹುದು. ಹಳೆಯ ಪೆನ್ನಾದರೆ ಒಣಗಿದ ಶಾಯಿ ಕಾರಣವಿರಬಹುದು. ಎರಡಕ್ಕೂ ಚಿಕಿತ್ಸೆ ಒಂದೇ. ಸಾಬೂನಿನ ಒಂದು ಹನಿ ಬೆರೆಸಿದ ತಣ್ಣೀರನ್ನು ನಿಬ್ಬಿನ ಮೂಲಕ ಎಳೆದು ಬಿಡುತ್ತ ಹತ್ತಾರು ಸಲ ತೊಳೆದು, ಆಮೇಲೆ ಬರಿಯ ನೀರಿನಲ್ಲಿ ಸಾಬೂನು ಹೋಗುವ ತನಕ ತೊಳೆಯಬೇಕು. ಬಿಸಿನೀರನ್ನು ಬಳಸಬಾರದು, ಪ್ಲಾಸ್ಟಿಕ್ಕಿನ ಭಾಗಗಳು ಸೊಟ್ಟಗಾಗುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಗಳಲ್ಲಿ ಕಡೆಯ ಸಲದ ತೊಳೆತವನ್ನು ಫಿಲ್ಟರ್ ನೀರಿನಲ್ಲಿ ಮಾಡುವುದು ಒಳ್ಳೆಯದು, ಇಲ್ಲವಾದರೆ ಸಣ್ಣ ಕಾಲುವೆಗಳಲ್ಲಿ ಸುಣ್ಣದಂಥ ಪದರ ಕೂರುತ್ತದೆ.

ತೊಳೆದ ಮೇಲೂ ತಲಕಟ್ಟು ತಪ್ಪುತ್ತಿದ್ದರೆ ಈ ಪರೀಕ್ಷೆ ಮಾಡಬೇಕು: ನುಣುಪಾದ ಕಾಗದದ ಮೇಲೆ ಗೆರೆ ಆರಂಭವಾಗುವುದಿಲ್ಲ, ಆದರೆ ಒರಟು ಕಾಗದದ ಮೇಲೆ ಆಗುತ್ತದೆ; ಸ್ವಲ್ಪ ಒತ್ತಿದರೆ ನುಣುಪು ಕಾಗದದ ಮೇಲೂ ಆಗುತ್ತದೆ; ಒಮ್ಮೆ ಆರಂಭವಾದ ಗೆರೆ ಮಧ್ಯದಲ್ಲಿ ನಿಲ್ಲುವುದಿಲ್ಲ. ಈ ಮೂರೂ ಲಕ್ಷಣಗಳಿದ್ದರೆ ನಿಬ್ಬಿನ ತುದಿಯನ್ನು ಕಾರ್ಖಾನೆಯಲ್ಲಿ ಅತಿಯಾಗಿ ಉಜ್ಜಿದ್ದಾರೆ ಎಂದು ತಿಳಿಯಬೇಕು. ಸೀಳಿನ ಎರಡೂ ಬದಿಯ ಒಳ ಅಂಚು ದುಂಡಾಗಿ, ಶಾಯಿ ಕಾಗದಕ್ಕಿಂತ ಕೂದಲೆಳೆಯಷ್ಟು ಮೇಲೆಯೇ ನಿಂತುಬಿಡುತ್ತದೆ. ಬೇಗ ಹರಿಯುವ ಶಾಯಿಯನ್ನು ತುಂಬಿದರೆ ದೋಷ ತಗ್ಗುತ್ತದೆ, ಮರೆಯಾಗುವುದಿಲ್ಲ. ಅತಿ ನಯವಾದ ಉಜ್ಜುಕಾಗದದ ಮೇಲೆ ತುದಿಯನ್ನು ಸವೆಸಿ ಸರಿಪಡಿಸಬಹುದಾದರೂ, ಹೋದ ಲೋಹ ಮರಳಿ ಬಾರದ ಕಾರಣ, ಕಳೆದುಕೊಂಡರೆ ನೋವಾಗದಂಥ ಪೆನ್ನಿನ ಮೇಲೆ ಮಾತ್ರ ಈ ಪ್ರಯೋಗ ಮಾಡಬೇಕು. ಹೊಸ ಪೆನ್ನಾದರೆ ಅಂಗಡಿಗೆ ಮರಳಿಸುವುದೇ ಸರಿ.

ಗೆರೆ ನಡುವೆ ಮಸುಕಾಗುವುದು

ಈ ದೋಷವನ್ನು ತಿಳಿಯಲು ಪೆನ್ನಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಅರಿಯಬೇಕು. ಹೊರಗೆ ಹೋದ ಶಾಯಿಯ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಶಾಯಿ ನಿಲ್ಲುತ್ತದೆ, ಹೆಚ್ಚು ಬಂದರೆ ಶಾಯಿ ತೊಟ್ಟಿಕ್ಕುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಹಕ್ಕುಪತ್ರ ಪಡೆದ ಫೀಡ್ ಈ ಕೊಡುಕೊಳ್ಳುವಿಕೆಯನ್ನು ಹದವಾಗಿ ನಡೆಸುವ ಸಾಧನ. ನಿಬ್ಬಿನ ಹೊಟ್ಟೆಗೆ ಅಂಟಿಕೊಂಡಿರುವ, ಸಣ್ಣ ಕಾಲುವೆಗಳಿರುವ ಕಪ್ಪು ತುಂಡೇ ಫೀಡ್.

ಅರ್ಧ ಪುಟ ಬರೆದ ಮೇಲೆ ಗೆರೆ ಮೆಲ್ಲಗೆ ಬಿಳಿಚಿಕೊಂಡು, ಪೆನ್ನನ್ನು ಬೆರಳಿನಿಂದ ತಟ್ಟಿದೊಡನೆ ಮತ್ತೆ ಗಾಢವಾದರೆ, ಕನ್ವರ್ಟರಿನೊಳಗೆ (ಪೆನ್ನಿನ ಒಳಗಿರುವ, ಶಾಯಿಯನ್ನು ಎಳೆದು ತುಂಬಿಕೊಳ್ಳುವ ಸಣ್ಣ ಕೊಳವೆ) ಶಾಯಿ ಹಿಂದುಗಡೆಯೇ ಅಂಟಿಕೊಂಡು ಫೀಡಿನ ತನಕ ಇಳಿಯುತ್ತಿಲ್ಲ ಎಂದರ್ಥ. ಕನ್ವರ್ಟರನ್ನು ಬೆಳಕಿಗೆ ಹಿಡಿದರೆ ಶಾಯಿ ಮೇಲೆ, ಗಾಳಿ ಕೆಳಗೆ ನಿಂತಿರುವುದು ಕಣ್ಣಿಗೆ ಕಾಣುತ್ತದೆ. ಕನ್ವರ್ಟರನ್ನು ಸಾಬೂನಿನ ನೀರಿನಲ್ಲಿ ತೊಳೆದರೆ ಹೆಚ್ಚಿನ ಸಲ ಇದು ನಿವಾರಣೆಯಾಗುತ್ತದೆ. ತಟ್ಟಿದರೂ ಗಾಢವಾಗದೆ, ಮುಚ್ಚಿ ಕೆಲ ನಿಮಿಷ ಬಿಟ್ಟ ಮೇಲೆ ತಾನಾಗಿ ಸರಿಹೋದರೆ ಫೀಡಿನ ಕಾಲುವೆ ಕಟ್ಟಿದೆ. ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಕು.

ಗೆರೆ ತಪ್ಪುವುದು ಪುಟದ ಒಂದೇ ಜಾಗದಲ್ಲಿ, ಅದರಲ್ಲೂ ಕೆಳಗಿನ ಅರ್ಧದಲ್ಲಿ ಮಾತ್ರವಾದರೆ ಪೆನ್ನನ್ನು ಬಿಟ್ಟು ಕೈಯನ್ನು ನೋಡಬೇಕು. ಅಂಗೈಯ ಎಣ್ಣೆ ಮತ್ತು ಬೆವರು ಕಾಗದಕ್ಕೆ ಹತ್ತಿ, ನೀರಿನಂಶದ ಶಾಯಿಯನ್ನು ಅಲ್ಲಿ ಹಿಡಿಯಗೊಡುವುದಿಲ್ಲ. ಅಳತೆಗೋಲಾಗಿ ಇಟ್ಟುಕೊಂಡ ಪೆನ್ನಿನಿಂದ ಅದೇ ಜಾಗದಲ್ಲಿ ಬರೆದು ನೋಡಿ. ಅದೂ ತಪ್ಪಿದರೆ ತೀರ್ಪು ಆದಂತೆಯೇ. ಊಟ ಮಾಡಿ ಎದ್ದು ಬರೆಯಲು ಕುಳಿತ ದಿನಗಳಲ್ಲಿ, ಕೊಬ್ಬರಿ ಎಣ್ಣೆ ಮುಟ್ಟಿದ ಕೈಯಲ್ಲಿ, ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆಯಲ್ಲಿ ಇದು ಎದ್ದು ಕಾಣುತ್ತದೆ. ಕೈಯ ಕೆಳಗೆ ಒಂದು ಹಾಳೆಯ ತುಂಡನ್ನಿಟ್ಟು ಬರೆಯುವುದಷ್ಟೇ ಇದಕ್ಕೆ ಪರಿಹಾರ. ನಾನು ಮೂರು ಪೆನ್ನುಗಳನ್ನು ತಪ್ಪಿತಸ್ಥರೆಂದು ಎತ್ತಿಟ್ಟದ್ದು ಈ ಒಂದು ಕಾರಣದಿಂದ ಎಂಬುದು ಇವತ್ತಿಗೂ ನನಗೆ ಬೇಸರ ತರುತ್ತದೆ.

ಕೆರೆಯುವ ನಿಬ್ಬು

ನಿಬ್ಬು ಎಲ್ಲ ದಿಕ್ಕಿನಲ್ಲೂ ಒಂದೇ ಸಮನೆ ಸಣ್ಣಗೆ ಕರಕರ ಎಂದರೆ ಅದು ತೆಳು ನಿಬ್ಬಿನ ಸಹಜ ಗುಣವಾಗಿರಬಹುದು. ಒಂದು ದಿಕ್ಕಿನಲ್ಲಿ ಮಾತ್ರ ಕೆರೆದು ಕಾಗದದ ಎಳೆಯನ್ನು ಕಿತ್ತರೆ ನಿಬ್ಬಿನ ಸೀಳಿನ ಆಚೀಚೆಯ ಎರಡು ಕವಲುಗಳು ಏರುಪೇರಾಗಿವೆ. 8ರ ಆಕಾರವನ್ನು ನಿಧಾನವಾಗಿ ಸುತ್ತುವಾಗ ಯಾವ ತಿರುವಿನಲ್ಲಿ ಕೆರೆಯುತ್ತದೆ ಎಂಬುದನ್ನು ಗಮನಿಸಿ, ನಿಬ್ಬನ್ನು ಕಣ್ಣಿಗೆ ನೇರವಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ತುದಿಯ ಎರಡು ಗುಂಡುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇರುವುದು ಕಾಣುತ್ತದೆ. ಮೇಲಿರುವ ಕವಲನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ, ಐದೆಣಿಸಿ ಬಿಟ್ಟು, ಮತ್ತೆ ಭೂತಗನ್ನಡಿಯಲ್ಲಿ ನೋಡಬೇಕು. ಒಂದೇ ಸಲಕ್ಕೆ ಸರಿಯಾಗಬೇಕೆಂಬ ಆತುರ ಬೇಡ. ಪೆನ್ನು ನೆಲಕ್ಕೆ ಬಿದ್ದು ತುದಿ ಮಡಿಚಿದ್ದರೆ ಮನೆಯ ಚಿಕಿತ್ಸೆಗೆ ಒಗ್ಗುವುದಿಲ್ಲ. ನಿಬ್ಬನ್ನು ಎಳೆದು ತೆಗೆದು ಬೇರೊಂದನ್ನು ತೊಡಿಸಬಹುದಾದ ಪೆನ್ನುಗಳು, 1980ರಲ್ಲಿ ಜರ್ಮನಿಯಲ್ಲಿ ಬಂದ ಲ್ಯಾಮಿ ಸಫಾರಿಯಂಥವು, ಇಲ್ಲಿ ನೆರವಿಗೆ ಬರುತ್ತವೆ.

ಪೆನ್ನನ್ನು ಬೆರಳುಗಳ ನಡುವೆ ಅರಿವಿಲ್ಲದೆ ತಿರುಗಿಸಿ ಹಿಡಿಯುವವರಿಗೂ ನಿಬ್ಬು ಕೆರೆಯುತ್ತದೆ. ನಿಬ್ಬಿನ ಬೆನ್ನು ಆಕಾಶ ನೋಡುವಂತೆ ಹಿಡಿದು ಒಂದು ಸಾಲು ಬರೆದಾಗ ಸದ್ದು ನಿಂತರೆ ದೋಷ ಹಿಡಿತದಲ್ಲಿದೆ.

ಶಾಯಿ ಹರಡುವುದು, ಅಕ್ಷರದ ಹೊಟ್ಟೆ ತುಂಬಿಕೊಳ್ಳುವುದು

ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಠ ಎಂಬುದರ ಹೊಟ್ಟೆಯಲ್ಲಿರುವುದು ಒಂದು ಚುಕ್ಕೆ. ದಪ್ಪ ನಿಬ್ಬಿನಲ್ಲಿ ಈ ಸೀಳು ಮುಚ್ಚಿಹೋಗುತ್ತದೆ, ಚುಕ್ಕೆ ಅಂಚಿಗೆ ಕೂಡಿಕೊಳ್ಳುತ್ತದೆ, ‘ಧನ’ ಎಂಬುದು ‘ದನ’ವಾಗುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ನಿಬ್ಬಿನ ದಪ್ಪ. ನಿಬ್ಬಿನ ಮೇಲಿನ ಗುರುತುಗಳನ್ನು ನಂಬಿ ಕೊಳ್ಳುವಾಗ ಒಂದು ಎಚ್ಚರ ಬೇಕು: ಪೈಲಟ್, ಪ್ಲಾಟಿನಂ, ಸೈಲರ್ ಮುಂತಾದ ಜಪಾನಿ ಕಂಪನಿಗಳ ‘ಎಫ್’ (ಫೈನ್, ಅಂದರೆ ತೆಳು) ನಿಬ್ಬು ಯುರೋಪಿನ ಕಂಪನಿಗಳ ‘ಎಫ್’ಗಿಂತ ಸಾಮಾನ್ಯವಾಗಿ ತೆಳ್ಳಗಿರುತ್ತದೆ. ಏಕಸಾಲಿನ ನೋಟ್‌ಬುಕ್ಕಿನಲ್ಲಿ ಒತ್ತಕ್ಷರಕ್ಕೂ ಜಾಗ ಉಳಿಸಿ ಬರೆಯುವವರಿಗೆ ಜಪಾನಿ ‘ಎಫ್’ ಇಲ್ಲವೆ ಯುರೋಪಿನ ‘ಇಎಫ್’ (ಇನ್ನೂ ತೆಳು) ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ತೆಳು ನಿಬ್ಬಿನಲ್ಲಿಯೂ ಗೆರೆಯ ಅಂಚಿನಿಂದ ಬೇರಿನಂತೆ ಎಳೆಗಳು ಹೊರಟರೆ ಕಾಗದವನ್ನು ಬದಲಿಸಿ ನೋಡಬೇಕು. ಕಾಗದದ ತೂಕ ಇಲ್ಲಿ ಅಷ್ಟಾಗಿ ನಿರ್ಣಾಯಕವಲ್ಲ. ತಯಾರಿಸುವಾಗ ನೀರನ್ನು ತಡೆಯಲು ಕಾಗದಕ್ಕೆ ಗಂಜಿ, ರಾಳ ಇತ್ಯಾದಿಗಳನ್ನು ಸೇರಿಸುತ್ತಾರೆ. ಅದು ಸಾಲದಾದರೆ 100 ಜಿಎಸ್‌ಎಂನ ಹಾಳೆಯೂ ಹೀರುಹಾಳೆಯಂತೆ ವರ್ತಿಸುತ್ತದೆ, ಚೆನ್ನಾಗಿದ್ದರೆ 60 ಜಿಎಸ್‌ಎಂನ ಹಾಳೆಯೂ ಶಾಯಿಯನ್ನು ಮೇಲೆಯೇ ಹಿಡಿದಿಡುತ್ತದೆ. ಹಾಗಾಗಿ ನೋಟ್‌ಬುಕ್ಕು ಕೊಳ್ಳುವಾಗ ಹೊದಿಕೆಯ ಮೇಲಿನ ಅಂಕಿಯನ್ನು ಓದುವುದಕ್ಕಿಂತ ಕೊನೆಯ ಪುಟದ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ನೋಡಲು ಅನುಮತಿ ಕೇಳುವುದು ಮೇಲು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಹಿಡಿದ ಕಾಗದದ ಮೇಲೆ ಹರಡುವಿಕೆ ಹೆಚ್ಚು. ಜೂನ್ ತಿಂಗಳಿನಲ್ಲಿ ಥಟ್ಟನೆ ‘ಕೆಟ್ಟ’ ಪೆನ್ನನ್ನು ಆಗಸ್ಟ್ ದಾಟುವ ತನಕ ಎಸೆಯಬಾರದು.

ಸೋರುವುದು

ಮುಚ್ಚಳದೊಳಗೆ ಶಾಯಿಯ ಹನಿಗಳಿದ್ದರೆ, ಪೆನ್ನನ್ನು ಅಲುಗಾಡಿಸಿದ್ದು, ನಿಬ್ಬು ಕೆಳಗಾಗಿ ಇಟ್ಟದ್ದು ಇವೇ ಸಾಮಾನ್ಯ ಕಾರಣ. ಬರೆಯುವಾಗಲೇ ಹನಿ ಬೀಳುವುದು ಬೇರೆ. ಕೊಳವೆಗೆ ಡ್ರಾಪರಿನಿಂದ ನೇರವಾಗಿ ಶಾಯಿ ತುಂಬುವ ಪೆನ್ನುಗಳಲ್ಲಿ, ಆಂಧ್ರದ ರಾಜಮಹೇಂದ್ರವರದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳು ಇದಕ್ಕೆ ಹೆಸರಾದವು, ಶಾಯಿ ಮೂರನೆಯ ಒಂದು ಪಾಲಿಗೆ ಇಳಿದಾಗ ಒಳಗೆ ಗಾಳಿ ಹೆಚ್ಚಾಗಿರುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ಪೆನ್ನು ತುಂಬಿದ್ದಾಗ ಸರಿಯಿದ್ದು, ಖಾಲಿಯಾಗುತ್ತ ಬಂದಾಗ ಮಾತ್ರ ಹನಿಸಿದರೆ ಕಾರಣ ಇದೇ. ಮತ್ತೆ ತುಂಬಿಸಿದರೆ ಸಾಕು, ರಿಪೇರಿ ಬೇಕಿಲ್ಲ. ಅರ್ಧ ಖಾಲಿಯಾದ ಪೆನ್ನನ್ನು ಜೇಬಿನಲ್ಲಿಟ್ಟು ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ 900 ಮೀಟರಿಗೂ ಎತ್ತರದ ಬೆಂಗಳೂರಿಗೆ ಬರುವಾಗ, ಇಲ್ಲವೆ ವಿಮಾನ ಏರುವಾಗ, ಹೊರಗಿನ ಒತ್ತಡ ಕಡಿಮೆಯಾಗಿ ಇದೇ ಆಗುತ್ತದೆ. ಪ್ರಯಾಣದಲ್ಲಿ ಪೆನ್ನು ಪೂರ್ತಿ ತುಂಬಿರಬೇಕು ಅಥವಾ ಪೂರ್ತಿ ಖಾಲಿಯಿರಬೇಕು, ನಿಬ್ಬು ಮೇಲಕ್ಕಿರಬೇಕು. ಪೆನ್ನಿನ ಭಾಗಗಳನ್ನು ತಿರುಗಿಸಿ ಕೂಡಿಸುವ ಮರೆಗಳ (ತಿರುಪಿನ ಸುತ್ತುಗಳ) ನಡುವಿನಿಂದ ಬೆರಳಿಗೆ ಶಾಯಿ ಹತ್ತಿದರೆ ಮಾತ್ರ ಅಲ್ಲಿಗೆ ಸಿಲಿಕೋನ್ ಗ್ರೀಸಿನ ತೆಳು ಲೇಪ ಬೇಕಾಗುತ್ತದೆ.

ಚಿತ್ರದಲ್ಲಿ ಗೆರೆ ಕರಗುವುದು

ಗೆರೆಯ ಮೇಲೆ ಜಲವರ್ಣ ಹಾಯಿಸಿದಾಗ ಶಾಯಿ ಕದಡಿದರೆ ಎರಡು ಪಟ್ಟಿಗಳಲ್ಲಿ ಪರೀಕ್ಷಿಸಬೇಕು. ಒಂದರ ಮೇಲೆ ಐದು ನಿಮಿಷದ ಬಳಿಕ, ಇನ್ನೊಂದರ ಮೇಲೆ ಇಡೀ ದಿನ ಕಳೆದ ಬಳಿಕ ಒದ್ದೆ ಕುಂಚ ಎಳೆಯಬೇಕು. ಎರಡೂ ಕದಡಿದರೆ ಅದು ನೀರಿನಲ್ಲಿ ಕರಗುವ ಬಣ್ಣದ ಶಾಯಿ, ಚಿತ್ರಕ್ಕೆ ಒಗ್ಗದು. ಮೊದಲನೆಯದು ಮಾತ್ರ ಕದಡಿದರೆ ಶಾಯಿ ಸರಿಯಿದೆ, ಕಾಯುವ ತಾಳ್ಮೆ ಸಾಲದಾಗಿದೆ. ಜಲವರ್ಣದ ಕಾಗದ ಶಾಯಿಯನ್ನು ಬೇಗ ಹೀರದ ಕಾರಣ ಅದರ ಮೇಲೆ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ.

ನೀರಿಗೆ ಜಗ್ಗದ ಶಾಯಿ ಬೇಕೆಂದು ಡ್ರಾಯಿಂಗ್ ಇಂಕನ್ನು, ಅಂದರೆ ಅರಗು ಬೆರೆತ ಇಂಡಿಯನ್ ಇಂಕನ್ನು, ಫೌಂಟನ್ ಪೆನ್ನಿಗೆ ಎಂದಿಗೂ ತುಂಬಬಾರದು. ಅದು ಅದ್ದಿ ಬರೆಯುವ ನಿಬ್ಬಿಗೆ, ಕುಂಚಕ್ಕೆ ಮಾಡಿದ್ದು. ಫೀಡಿನೊಳಗೆ ಒಣಗಿದರೆ ನೀರಿಗೆ ಬಿಡುವುದಿಲ್ಲ. ಪ್ಲಾಟಿನಂ ಕಾರ್ಬನ್, ಸೈಲರ್ ಕಿವಾಗುರೊ ಇಂಥವು ಫೌಂಟನ್ ಪೆನ್ನಿಗೆಂದೇ ಮಾಡಿದ, ಕಣಗಳುಳ್ಳ ಕಪ್ಪು ಶಾಯಿಗಳು. ಇವನ್ನು ತುಂಬಿದ ಪೆನ್ನನ್ನು ದಿನವೂ ಬಳಸಬೇಕು, ಎರಡು ಮೂರು ವಾರಕ್ಕೊಮ್ಮೆ ತೊಳೆಯಬೇಕು.

ಅಷ್ಟು ಆರೈಕೆ ಆಗದು ಎನ್ನುವವರಿಗೆ ಪಿಗ್ಮಾ ಮೈಕ್ರಾನಿನಂಥ ಫೈನ್‌ಲೈನರ್ (ಪ್ಲಾಸ್ಟಿಕ್ ತುದಿಯ ತೆಳುಗೆರೆಯ ಪೆನ್ನು) ಸರಿಹೋಗುತ್ತದೆ. ಅದರ ‘01’ ಗುರುತಿನ ಪೆನ್ನು 0.25 ಮಿಲಿಮೀಟರ್, ‘05’ ಗುರುತಿನದು 0.45 ಮಿಲಿಮೀಟರ್ ದಪ್ಪದ ಗೆರೆ ಎಳೆಯುತ್ತದೆ. ಇದರ ಗೆರೆ ಒಂದು ವಾರದಲ್ಲೇ ಒರಟಾದರೆ ಒತ್ತಡ ಹೆಚ್ಚಾಗಿದೆ. ಪ್ಲಾಸ್ಟಿಕ್ಕಿನ ತುದಿ ಲೋಹದ ಕೊಳವೆಯೊಳಗೆ ತಗ್ಗಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ. ಒತ್ತದಿದ್ದರೂ ಮಸುಕಾದರೆ ಪೆನ್ಸಿಲಿನ ಪುಡಿಯೋ ಒಣಗದ ಬಣ್ಣವೋ ತುದಿಗೆ ಮೆತ್ತಿರುತ್ತದೆ.

ಬಾಲ್ ಪೆನ್ನು ಮತ್ತು ಜೆಲ್ ಪೆನ್ನು

ಇಲ್ಲಿ ದೋಷ ಪೆನ್ನಿನದ್ದೋ ರೀಫಿಲ್ಲಿನದ್ದೋ ಎಂಬುದಷ್ಟೇ ಪ್ರಶ್ನೆ, ರೀಫಿಲ್ಲನ್ನು ಇನ್ನೊಂದು ಪೆನ್ನಿಗೆ ಹಾಕಿದರೆ ಉತ್ತರ ಸಿಗುತ್ತದೆ. ಜೆಲ್ ರೀಫಿಲ್ಲಿನಲ್ಲಿ ಶಾಯಿಯ ಹಿಂದೆ ಪಾರದರ್ಶಕ ಅಂಟಿನಂಥ ಪದರವಿರುತ್ತದೆ. ಪೆನ್ನು ತುದಿಯ ಮೇಲೆ ಬಿದ್ದ ಬಳಿಕ ಶಾಯಿ ಇದ್ದೂ ಬರೆಯದಿದ್ದರೆ ಗುಂಡಿಗೆ ಪೆಟ್ಟಾಗಿದೆ ಅಥವಾ ಗಾಳಿ ಹೊಕ್ಕಿದೆ, ಬದಲಿಸುವುದೇ ದಾರಿ. ಬಾಲ್ ಪೆನ್ನನ್ನು ಗೋಡೆಗೆ ಒರಗಿಸಿದ ಹಲಗೆಯ ಮೇಲೆ, ಇಲ್ಲವೆ ಮಲಗಿ ಎತ್ತಿ ಹಿಡಿದು ಬಳಸಿದರೂ ಗಾಳಿ ಸೇರಿ ಗೆರೆ ನಿಲ್ಲುತ್ತದೆ. ದುಂಡಕ್ಷರದ ತಿರುವಿನಲ್ಲಿ ಶಾಯಿಯ ಮುದ್ದೆ ಕೂರುವುದು ಬಾಲ್ ಪೆನ್ನಿನ ಹಳೆಯ ಗುಣ. ಕೆಲವು ಸಾಲಿಗೊಮ್ಮೆ ತುದಿಯನ್ನು ಬಟ್ಟೆಗೆ ಒರೆಸಿದರೆ ತಗ್ಗುತ್ತದೆ. ಹಗುರ ಕೈಯಿಂದ ಪದರ ಪದರವಾಗಿ ಛಾಯೆ ತುಂಬುವುದಕ್ಕೆ ಬಾಲ್ ಪೆನ್ನಿನಷ್ಟು ಒದಗುವ ಪೆನ್ನು ಇನ್ನೊಂದಿಲ್ಲ ಎಂಬುದನ್ನೂ ಹೇಳಬೇಕು.

ಕೈ ನೋಯುವುದು

ಒಂದು ಪುಟ ಬರೆಯುವಷ್ಟರಲ್ಲಿ ಹೆಬ್ಬೆರಳ ಬುಡ ನೋಯತೊಡಗಿದರೆ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನು ಕಣ್ಮುಚ್ಚಿ ಸವರಬೇಕು. ಅಕ್ಷರಗಳು ಬೆರಳಿಗೆ ತಗುಲಿದರೆ ಒತ್ತಡ ಅತಿಯಾಗಿದೆ. ವರ್ಷಗಟ್ಟಲೆ ಬಾಲ್ ಪೆನ್ನಿನಲ್ಲಿ ಬರೆದವರ ಕೈ ಈ ಒತ್ತಡಕ್ಕೆ ಪಳಗಿರುತ್ತದೆ, ಮತ್ತು ಫೌಂಟನ್ ಪೆನ್ನಿಗೆ ಬಂದ ಮೊದಲ ವಾರ ಅದೇ ಒತ್ತಡ ನಿಬ್ಬಿನ ಕವಲುಗಳನ್ನು ಅಗಲಿಸಿ, ಮೇಲೆ ಹೇಳಿದ ಅರ್ಧದಷ್ಟು ದೋಷಗಳನ್ನು ಹುಟ್ಟಿಸುತ್ತದೆ. ಪೆನ್ನನ್ನು ಸ್ವಲ್ಪ ಹಿಂದಕ್ಕೆ ಹಿಡಿದು, ಕಾಗದಕ್ಕೆ ಸುಮಾರು 45 ಡಿಗ್ರಿ ಓರೆಯಾಗಿಸಿ, ಅದರ ಸ್ವಂತ ಭಾರದಿಂದಲೇ ಗೆರೆ ಮೂಡುತ್ತದೆಯೇ ಎಂದು ನೋಡಬೇಕು. ಮೂಡಿದರೆ ಆ ಪೆನ್ನಿಗೆ ಹದಿನೈದು ದಿನದ ಅವಕಾಶ ಕೊಡಿ. ಒತ್ತಡ ಇಳಿದ ಮೇಲೂ ನೋವು ಉಳಿದರೆ ಹಿಡಿಯುವ ಜಾಗದ ದಪ್ಪವನ್ನು ಅನುಮಾನಿಸಬೇಕು. ತೆಳು ಪೆನ್ನಿಗೆ ಸೈಕಲ್ ಟ್ಯೂಬಿನ ಒಂದು ತುಂಡನ್ನು ತೊಡಿಸಿ ಒಂದು ವಾರ ಬರೆದು ನೋಡಿದರೆ, ದಪ್ಪ ಪೆನ್ನು ಕೊಳ್ಳಬೇಕೋ ಬೇಡವೋ ಎಂಬುದು ಹಣ ಖರ್ಚಾಗುವ ಮೊದಲೇ ಗೊತ್ತಾಗುತ್ತದೆ.